ಎಷ್ಟು ಜನರಲ್ಲಿ ಎಷ್ಟು ಮಂದಿಗೆ?

ಒಂದು ವಲೀಮಾ ಊಟ ಎಂದಿಟ್ಟುಕೊಳ್ಳಿ. ಇನ್ನೂರು ಮಂದಿ ಉಂಡಿದ್ದಾರೆ. ಸಂಜೆಯಾಗುವಷ್ಟರಲ್ಲಿ ಕೆಲವರಿಗೆ ವಾಂತಿ, ಹೊಟ್ಟೆನೋವು ಶುರುವಾಗಿದೆ. ರಾತ್ರಿ ಹೊತ್ತಿಗೆ ಮಲಗಿದವರು 64 ಮಂದಿ. ಮರುದಿನ ಬೆಳಗ್ಗೆ ಮೊಹಲ್ಲಾದಲ್ಲೆಲ್ಲ ಒಂದೇ ಮಾತು: ಬಿರಿಯಾನಿಯಲ್ಲಿ ಏನೋ ಇತ್ತು. ಮಲಗಿದವರನ್ನು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಬಿರಿಯಾನಿ ತಿಂದವರೇ. ಅಲ್ಲಿಗೆ ಅಡುಗೆಯವನ ಹೆಸರು ಕೆಟ್ಟಿತು.

ಆದರೆ ಸ್ವಲ್ಪ ಯೋಚಿಸಿ. ವಲೀಮಾಕ್ಕೆ ಹೋಗಿ ಬಿರಿಯಾನಿ ತಿನ್ನದೆ ಬರುವವರು ಎಷ್ಟು ಜನ? ಕಾಯಿಲೆ ಬಿದ್ದವರೂ ಬಿರಿಯಾನಿ ತಿಂದಿದ್ದಾರೆ, ಗಟ್ಟಿಮುಟ್ಟಾಗಿ ಓಡಾಡುತ್ತಿರುವವರೂ ತಿಂದಿದ್ದಾರೆ. ಕಾಯಿಲೆಯವರನ್ನು ಮಾತ್ರ ಕೇಳಿದರೆ ಉತ್ತರ ಸಿಗುವುದಿಲ್ಲ. ಏನೂ ಆಗದೆ ಮನೆಯಲ್ಲಿ ಕುಳಿತವರನ್ನೂ ಕೇಳಬೇಕು.

ಹಾಗೆ ಇನ್ನೂರು ಮಂದಿಯನ್ನೂ ಕೇಳಿದಾಗ ಲೆಕ್ಕ ಹೀಗೆ ಬಂತು ಎನ್ನೋಣ. ಬಿರಿಯಾನಿ ತಿಂದವರು 180, ಅವರಲ್ಲಿ ಕಾಯಿಲೆ ಬಿದ್ದವರು 59. ಅಂದರೆ ನೂರಕ್ಕೆ ಸುಮಾರು 33. ಬಿರಿಯಾನಿ ತಿನ್ನದವರು 20, ಅವರಲ್ಲಿ ಕಾಯಿಲೆ ಬಿದ್ದವರು 5, ನೂರಕ್ಕೆ 25. ದೊಡ್ಡ ವ್ಯತ್ಯಾಸವೇನಿಲ್ಲ. ಈಗ ಖೀರು ನೋಡಿ. ಖೀರು ತಿಂದವರು 120, ಕಾಯಿಲೆ 60 ಮಂದಿಗೆ, ನೂರಕ್ಕೆ 50. ಖೀರು ತಿನ್ನದವರು 80, ಕಾಯಿಲೆ ಬರೀ 4 ಮಂದಿಗೆ, ನೂರಕ್ಕೆ 5. ಖೀರು ತಿಂದವರಿಗೆ ಅಪಾಯ ಹತ್ತು ಪಟ್ಟು. ಬಿರಿಯಾನಿ ತಿಂದವರಲ್ಲಿ ಕಾಯಿಲೆ ಸ್ವಲ್ಪ ಹೆಚ್ಚಾಗಿ ಕಂಡಿದ್ದು ಏಕೆಂದರೆ ಬಿರಿಯಾನಿ ತಿಂದವರಲ್ಲಿ ಬಹುಪಾಲು ಜನ ಮೇಲೆ ಖೀರನ್ನೂ ತಿಂದಿದ್ದರು.

ಇದು ನಾನು ಉದಾಹರಣೆಗಾಗಿ ಹೆಣೆದ ಲೆಕ್ಕ. ಆದರೆ ಆರೋಗ್ಯ ಇಲಾಖೆಯವರು ಇಂಥ ಸಂದರ್ಭದಲ್ಲಿ ಮಾಡುವುದು ಇದನ್ನೇ. ಈ ವಿದ್ಯೆಗೆ ಎಪಿಡೆಮಿಯಾಲಜಿ ಎಂದು ಹೆಸರು. ಕನ್ನಡದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುತ್ತಾರೆ. ಆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್, ರಸ್ತೆ ಅಪಘಾತ ಕೂಡ ಇದರ ವ್ಯಾಪ್ತಿಗೆ ಬರುತ್ತವೆ. ವೈದ್ಯರು ಒಬ್ಬ ರೋಗಿಯ ನಾಡಿ ನೋಡಿದರೆ ಇವರು ಇಡೀ ಊರಿನ ನಾಡಿ ನೋಡುತ್ತಾರೆ. ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಅವರಿಗೇ ಏಕೆ ಬಂತು ಎಂದು ಕೇಳುತ್ತಾರೆ. ಎಲ್ಲದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಇರುತ್ತದೆ: ಎಷ್ಟು ಜನರಲ್ಲಿ ಎಷ್ಟು ಮಂದಿಗೆ?

ಕೊರೋನಾ ಕಾಲದಿಂದ ಈ ವಿದ್ಯೆಯ ಹತ್ತಾರು ಪದಗಳು ಪತ್ರಿಕೆ, ಟಿವಿ, ವಾಟ್ಸ್ಆ್ಯಪ್ ಮೂಲಕ ನಮ್ಮ ಮನೆಯೊಳಗೆ ಬಂದಿವೆ. ಅವುಗಳ ಅರ್ಥ ಮಾತ್ರ ಬಂದಿಲ್ಲ. ಕೆಲವನ್ನಾದರೂ ಬಿಡಿಸಿ ನೋಡೋಣ.

ಮದುವೆ ಮನೆಯಿಂದಲೇ ಆರಂಭಿಸುವುದಾದರೆ, ತನಿಖೆಗೆ ಬಂದವರು ಮೊದಲು ಮಾಡುವ ಕೆಲಸ ಯಾರನ್ನು ರೋಗಿ ಎಂದು ಎಣಿಸಬೇಕೆಂದು ತೀರ್ಮಾನಿಸುವುದು. ಊಟವಾದ 24 ಗಂಟೆಯೊಳಗೆ ವಾಂತಿ ಆದವರು, ಅಥವಾ ಮೂರು ಬಾರಿಗಿಂತ ಹೆಚ್ಚು ಭೇದಿ ಆದವರು ಎಂದು ಒಂದು ಗೆರೆ ಹಾಕುತ್ತಾರೆ. ಇದನ್ನು ಪ್ರಕರಣದ ವ್ಯಾಖ್ಯೆ ಎನ್ನುತ್ತಾರೆ. ಈ ಗೆರೆ ಇಲ್ಲದಿದ್ದರೆ ಹೊಟ್ಟೆ ಸ್ವಲ್ಪ ಭಾರವಾದವರೂ ಪಟ್ಟಿಗೆ ಸೇರಿ ಲೆಕ್ಕ ಕೆಡುತ್ತದೆ. ಆಮೇಲೆ ಒಂದು ಪಟ್ಟಿ: ಹೆಸರು, ವಯಸ್ಸು, ಏನೇನು ತಿಂದರು, ಎಷ್ಟು ಗಂಟೆಗೆ ತಿಂದರು, ಎಷ್ಟು ಗಂಟೆಗೆ ಶುರುವಾಯಿತು. ತಿಂದವರ ಪೈಕಿ ಕಾಯಿಲೆ ಬಿದ್ದವರ ಪ್ರಮಾಣವನ್ನು ಅಟ್ಯಾಕ್ ರೇಟ್ ಎನ್ನುತ್ತಾರೆ. ಖೀರಿನ ಅಟ್ಯಾಕ್ ರೇಟ್ ಮೇಲಿನ ಲೆಕ್ಕದಲ್ಲಿ ಶೇ. 50.

ಗಂಟೆಯನ್ನು ಏಕೆ ಕೇಳುತ್ತಾರೆ ಎಂದು ಅನಿಸಬಹುದು. ರೋಗಾಣು ದೇಹ ಸೇರಿದಾಗಿನಿಂದ ಮೊದಲ ಲಕ್ಷಣ ಕಾಣುವವರೆಗಿನ ಸಮಯವನ್ನು ಸುಪ್ತ ಅವಧಿ, ಅಂದರೆ ಇನ್ಕ್ಯುಬೇಷನ್ ಎನ್ನುತ್ತಾರೆ. ಪ್ರತಿ ರೋಗಕ್ಕೂ ಅದರದೇ ಗಡಿಯಾರ ಇದೆ. ಹಾಲಿನ ತಿಂಡಿಯನ್ನು ಗಂಟೆಗಟ್ಟಲೆ ಹೊರಗಿಟ್ಟಾಗ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷವಾದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ. ಸಾಲ್ಮೊನೆಲ್ಲಾ ಆಗಿದ್ದರೆ ಸಾಮಾನ್ಯವಾಗಿ ಅರ್ಧ ದಿನವಾದರೂ ಬೇಕು. ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಎಂಬ ಕಾಮಾಲೆಗೆ 15ರಿಂದ 50 ದಿನ. ಹಾಗಾಗಿ ನಿನ್ನೆ ಮದುವೆ ಊಟ ಉಂಡವರಿಗೆ ಇಂದು ಕಾಮಾಲೆ ಬಂದರೆ ನಿನ್ನೆಯ ಊಟವನ್ನು ದೂರಬೇಡಿ. ಒಂದು ತಿಂಗಳ ಹಿಂದೆ ಎಲ್ಲಿ ನೀರು ಕುಡಿದಿರಿ ಎಂದು ನೆನಪು ಮಾಡಿಕೊಳ್ಳಿ.

ಲಂಡನ್ನಿನ ಆ ಪಂಪು

ಈ ವಿದ್ಯೆಯ ಬಗ್ಗೆ ಬರೆಯುವವರೆಲ್ಲ ಜಾನ್ ಸ್ನೋ ಎಂಬ ವೈದ್ಯನ ಕತೆ ಹೇಳುತ್ತಾರೆ. ನಾನೂ ಹೇಳುತ್ತೇನೆ, ಏಕೆಂದರೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಎದ್ದಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆಗಿನ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿ ಜಗತ್ತಿಗೆ ಒಪ್ಪಿಸಲು ಇನ್ನೂ ಮೂವತ್ತು ವರ್ಷ ಬಾಕಿ ಇತ್ತು.

ಸ್ನೋ ಸತ್ತವರ ಮನೆಗಳನ್ನು ಗುರುತು ಹಾಕುತ್ತಾ ಹೋದ. ಹೆಚ್ಚಿನವರು ಒಂದೇ ಕೈಪಂಪಿನ ನೀರು ಕುಡಿಯುವವರಾಗಿದ್ದರು. ಆದರೆ ಅವನ ಜಾಣ್ಮೆ ಇದ್ದದ್ದು ಸಾಯದವರನ್ನು ಹುಡುಕಿದ್ದರಲ್ಲಿ. ಅದೇ ಬಡಾವಣೆಯ ನಡುವೆ ಬಡವರ ವಸತಿಗೃಹವೊಂದಿತ್ತು. ಅಲ್ಲಿದ್ದವರು 535 ಜನ. ಸುತ್ತಲಿನ ಬೀದಿಗಳಲ್ಲಿ ಸತ್ತ ಪ್ರಮಾಣದಲ್ಲೇ ಸತ್ತಿದ್ದರೆ ನೂರರ ಆಸುಪಾಸು ಹೆಣ ಬೀಳಬೇಕಿತ್ತು. ಸತ್ತವರು ಐದು ಮಂದಿ. ಆ ವಸತಿಗೃಹಕ್ಕೆ ಅದರದೇ ಬಾವಿ ಇತ್ತು. ಗಾಳಿ ಎಲ್ಲರಿಗೂ ಒಂದೇ, ನೀರು ಬೇರೆ. ಇನ್ನೊಂದು ಕಡೆ, ಬಹು ದೂರದ ಬಡಾವಣೆಯಲ್ಲಿದ್ದ ಒಬ್ಬ ಹೆಂಗಸು ಕಾಲರಾದಿಂದ ಸತ್ತಿದ್ದಳು. ವಿಚಾರಿಸಿದರೆ, ಆಕೆಗೆ ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಇಷ್ಟ ಎಂದು ದಿನವೂ ಅಲ್ಲಿಂದ ತರಿಸಿ ಕುಡಿಯುತ್ತಿದ್ದಳು!

ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಬಿಚ್ಚಿಸಿದರು. ಅಷ್ಟರಲ್ಲಿ ಜನ ಊರು ಬಿಟ್ಟು ಓಡಿ, ರೋಗ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಸ್ವತಃ ಒಪ್ಪಿಕೊಂಡಿದ್ದಾನೆ. ಪಂಪಿನ ಪಕ್ಕದ ಮನೆಯ ಕೂಸಿಗೆ ಭೇದಿಯಾಗಿ, ಅದರ ಬಟ್ಟೆ ತೊಳೆದ ನೀರು ಬಾವಿಯ ಪಕ್ಕದ ಒಡೆದ ಮಲಗುಂಡಿಗೆ ಸೇರುತ್ತಿತ್ತು ಎಂದು ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್ ನಂತರ ಪತ್ತೆ ಹಚ್ಚಿದರು. ನಮ್ಮಲ್ಲಿ ಬಾವಿಗೂ ಶೌಚದ ಗುಂಡಿಗೂ ನಡುವೆ ಸಾಕಷ್ಟು ಅಂತರವಿಲ್ಲದ ಮನೆಗಳು ಇಂದಿಗೂ ಎಷ್ಟಿಲ್ಲ?

ಸ್ನೋನ ಇನ್ನೊಂದು ಲೆಕ್ಕ ಅಷ್ಟು ಪ್ರಸಿದ್ಧವಲ್ಲ, ಆದರೆ ನನ್ನ ಮಟ್ಟಿಗೆ ಅದೇ ದೊಡ್ಡದು. ಲಂಡನ್ನಿನ ದಕ್ಷಿಣ ಭಾಗದಲ್ಲಿ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪೆನಿಗಳು ನೀರು ಕೊಡುತ್ತಿದ್ದವು. ಒಂದು ಕಂಪೆನಿ ಊರ ಕೊಳಚೆ ಸೇರುವ ಕಡೆಯೇ ಥೇಮ್ಸ್ ನದಿಯಿಂದ ನೀರೆತ್ತುತ್ತಿತ್ತು. ಇನ್ನೊಂದು 1852ರಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಬಡವರು, ಶ್ರೀಮಂತರು, ಗಾಳಿ, ಬೀದಿ ಎಲ್ಲ ಒಂದೇ; ನಲ್ಲಿಯ ನೀರು ಮಾತ್ರ ಬೇರೆ. ಸ್ನೋ ಮನೆ ಮನೆ ಬಾಗಿಲು ತಟ್ಟಿ ವಿಚಾರಿಸಿದ. ಮೊದಲ ಕಂಪೆನಿಯ ಪ್ರತಿ 10,000 ಮನೆಗಳಿಗೆ 315 ಸಾವು. ಎರಡನೆಯದರಲ್ಲಿ 37. ಸಾವಿನ ಸಂಖ್ಯೆಯನ್ನಷ್ಟೇ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ, ಮೊದಲ ಕಂಪೆನಿಗೆ ಮನೆಗಳೇ ಹೆಚ್ಚಿದ್ದವು ಎನ್ನುತ್ತಿದ್ದರು. ಪ್ರತಿ ಹತ್ತು ಸಾವಿರಕ್ಕೆ ಎಷ್ಟು ಎಂದು ಹೇಳಿದಾಗ ಆ ಬಾಯಿ ಮುಚ್ಚಿತು.

ಈ ಕೆಳಗಿನ ಸಂಖ್ಯೆಗೆ ಛೇದ ಎನ್ನುತ್ತೇವೆ. ಶಾಲೆಯಲ್ಲಿ ಭಿನ್ನರಾಶಿ ಕಲಿತವರಿಗೆಲ್ಲ ಗೊತ್ತು.

ಟ್ಯಾಂಕಿನ ನೀರು

ಹೊಸದಾಗಿ ಬಂದ ರೋಗಿಗಳು ಬೇರೆ, ಈಗ ಇರುವ ರೋಗಿಗಳು ಬೇರೆ. ಪತ್ರಿಕೆಗಳು ಇವೆರಡನ್ನೂ ಬೆರೆಸಿಬಿಡುತ್ತವೆ. ಒಂದು ವರ್ಷದಲ್ಲಿ ಎಷ್ಟು ಮಂದಿಗೆ ಹೊಸದಾಗಿ ರೋಗ ಬಂತು ಎನ್ನುವುದು ಇನ್ಸಿಡೆನ್ಸ್. ಇಂದು ಎಣಿಸಿದರೆ ಒಟ್ಟು ಎಷ್ಟು ಮಂದಿಗೆ ರೋಗ ಇದೆ ಎನ್ನುವುದು ಪ್ರಿವಲೆನ್ಸ್. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಮೇಲಿನಿಂದ ಬೀಳುವ ನೀರು ಇನ್ಸಿಡೆನ್ಸ್. ಟ್ಯಾಂಕಿನಲ್ಲಿ ನಿಂತಿರುವ ಮಟ್ಟ ಪ್ರಿವಲೆನ್ಸ್. ಕೆಳಗಿನ ನಲ್ಲಿಯಿಂದ ಹೊರಹೋಗುವುದು ಗುಣವಾದವರು ಮತ್ತು ತೀರಿಕೊಂಡವರು.

ಸಕ್ಕರೆ ಕಾಯಿಲೆ ಪೂರ್ತಿ ಗುಣವಾಗಿ ಹೋಗುವುದು ಅಪರೂಪ, ಔಷಧಿ ತೆಗೆದುಕೊಂಡು ಜನ ಬಹುಕಾಲ ಬದುಕುತ್ತಾರೆ. ಹಾಗಾಗಿ ಟ್ಯಾಂಕು ತುಂಬುತ್ತಲೇ ಇರುತ್ತದೆ. ಭಾರತದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ ಇದೆ, ಒಟ್ಟು ಸುಮಾರು ಹತ್ತು ಕೋಟಿ ಜನ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಇದು ಪ್ರಿವಲೆನ್ಸ್. ಸಂಖ್ಯೆ ಏರಿದೆ ಎಂದ ಕೂಡಲೇ ಎಲ್ಲವೂ ಕೆಟ್ಟಿತು ಎಂದಲ್ಲ; ರೋಗಿಗಳು ಹೆಚ್ಚು ಕಾಲ ಬದುಕಿದರೂ ಈ ಸಂಖ್ಯೆ ಏರುತ್ತದೆ. ಜ್ವರ, ನೆಗಡಿ ಇದಕ್ಕೆ ತದ್ವಿರುದ್ಧ. ಬಂದವೂ ಬಹಳ, ಹೋದವೂ ಬಹಳ, ಟ್ಯಾಂಕು ಎಂದೂ ತುಂಬದು.

ಸಾವಿನ ವಿಷಯದಲ್ಲೂ ಇಂಥದೇ ಜೋಡಿ ಇದೆ. ರೋಗ ಬಂದವರಲ್ಲಿ ನೂರಕ್ಕೆ ಎಷ್ಟು ಮಂದಿ ಸತ್ತರು ಎಂಬುದು ಒಂದು ಲೆಕ್ಕ, ಇಡೀ ಜನಸಂಖ್ಯೆಯಲ್ಲಿ ಎಷ್ಟು ಮಂದಿ ಸತ್ತರು ಎಂಬುದು ಇನ್ನೊಂದು. ಹುಚ್ಚುನಾಯಿ ಕಡಿತದ ರೇಬೀಸ್ ಲಕ್ಷಣ ಕಂಡ ಮೇಲೆ ಹೆಚ್ಚುಕಡಿಮೆ ನೂರಕ್ಕೆ ನೂರೂ ಸಾವು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯಲ್ಲಿ ನೂರಕ್ಕೆ ಮೂರರಿಂದ ಐದು. ದಡಾರದಲ್ಲಿ ಸಾಯುವ ಪ್ರಮಾಣ ರೇಬೀಸಿನ ಹತ್ತಿರಕ್ಕೂ ಬರುವುದಿಲ್ಲ. ಆದರೂ 2023ರಲ್ಲಿ ಜಗತ್ತಿನಲ್ಲಿ ದಡಾರದಿಂದ ಸತ್ತವರು ಲಕ್ಷಕ್ಕೂ ಹೆಚ್ಚು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಕಾರಣ ಸರಳ. ಅದು ಬಹಳ ಮಂದಿಗೆ ಹರಡುತ್ತದೆ. ‘ಸಣ್ಣ ಕಾಯಿಲೆ, ಎಲ್ಲ ಮಕ್ಕಳಿಗೂ ಬಂದು ಹೋಗುತ್ತದೆ’ ಎಂದು ಹಿರಿಯರು ಹೇಳುವ ಕಾಯಿಲೆಯ ನಿಜವಾದ ಲೆಕ್ಕ ಇದು.

ಊರಿನ ಪದಗಳನ್ನು ಬೇಗ ಮುಗಿಸುತ್ತೇನೆ. ಒಂದು ರೋಗ ಒಂದು ಪ್ರದೇಶದಲ್ಲಿ ಸದಾ ಒಂದು ಮಟ್ಟದಲ್ಲಿ ಇದ್ದರೆ ಅದು ಎಂಡೆಮಿಕ್, ಅಂದರೆ ಸ್ಥಳೀಯವಾಗಿ ನೆಲೆನಿಂತ ರೋಗ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಗುರುತಿಗೆ ಬಂದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಹೀಗೆ ನೆಲೆನಿಂತಿದೆ. ಇದ್ದಕ್ಕಿದ್ದಂತೆ ಎಂದಿಗಿಂತ ಹೆಚ್ಚಾದರೆ ಔಟ್‌ಬ್ರೇಕ್, ಅದು ದೊಡ್ಡದಾದರೆ ಎಪಿಡೆಮಿಕ್, ದೇಶ ಖಂಡಗಳನ್ನು ದಾಟಿದರೆ ಪ್ಯಾಂಡೆಮಿಕ್. ‘ಎಂದಿಗಿಂತ ಹೆಚ್ಚು’ ಎಂಬುದೇ ಇಲ್ಲಿ ಮುಖ್ಯ. ಪೋಲಿಯೋ ಇಲ್ಲವಾದ ದೇಶವೆಂದು 2014ರಲ್ಲಿ ಪ್ರಮಾಣಪತ್ರ ಪಡೆದ ಭಾರತದಲ್ಲಿ ಒಂದೇ ಒಂದು ಪೋಲಿಯೋ ಪ್ರಕರಣ ಕಂಡರೂ ಅದು ಔಟ್‌ಬ್ರೇಕ್.

ಒಬ್ಬರಿಂದ ಎಷ್ಟು ಮಂದಿಗೆ

ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಊರಿಗೆ ಒಬ್ಬ ರೋಗಿ ಬಂದರೆ ಆತನಿಂದ ಸರಾಸರಿ ಎಷ್ಟು ಮಂದಿಗೆ ಹರಡುತ್ತದೆ ಎಂಬುದಕ್ಕೆ ಆರ್-ನಾಟ್ ಎನ್ನುತ್ತಾರೆ. 2020ರ ಮೊದಲ ಕೊರೋನಾಕ್ಕೆ ಅದು ಸುಮಾರು ಎರಡರಿಂದ ಮೂರು. ದಡಾರಕ್ಕೆ 12ರಿಂದ 18! ದಡಾರದ ರೋಗಿ ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು. ಇನ್ನೊಂದು ತೊಂದರೆ ಎಂದರೆ, ಮೈಮೇಲೆ ಕೆಂಪು ಗುಳ್ಳೆ ಕಾಣುವ ನಾಲ್ಕು ದಿನ ಮೊದಲೇ ಮಗು ಇತರರಿಗೆ ಹರಡತೊಡಗುತ್ತದೆ. ಆಗ ಬರೀ ಜ್ವರ, ನೆಗಡಿ, ಕಣ್ಣು ಕೆಂಪು. ತಾಯಿ ಮಗುವನ್ನು ಮದ್ರಸಕ್ಕೂ ಕಳಿಸಿರುತ್ತಾಳೆ, ನೆಂಟರ ಮನೆಗೂ ಕರೆದುಕೊಂಡು ಹೋಗಿರುತ್ತಾಳೆ.

ಕ್ವಾರಂಟೈನ್ ಮತ್ತು ಐಸೋಲೇಷನ್ ಬೇರೆ ಬೇರೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ರೋಗಿಯನ್ನು ಬೇರೆ ಇಡುವುದು ಐಸೋಲೇಷನ್. ರೋಗಿಯ ಸಂಪರ್ಕಕ್ಕೆ ಬಂದ, ಆದರೆ ಇನ್ನೂ ಆರೋಗ್ಯವಾಗಿ ಕಾಣುವವರನ್ನು ಸುಪ್ತ ಅವಧಿ ಮುಗಿಯುವವರೆಗೆ ತಡೆದಿಡುವುದು ಕ್ವಾರಂಟೈನ್. ಪ್ಲೇಗ್ ಇರುವ ಊರಿಗೆ ಹೋಗಬಾರದು, ತಾವಿರುವ ಊರಿಗೇ ಅದು ಬಂದರೆ ಅಲ್ಲಿಂದ ಓಡಬಾರದು ಎಂಬ ಪ್ರವಾದಿವರ್ಯರ(ಸ) ಸೂಚನೆ ನಮಗೆಲ್ಲ ಗೊತ್ತು. ಸಿರಿಯಾದ ಅಮ್ವಾಸ್ ಪ್ಲೇಗಿನ ಕಾಲದಲ್ಲಿ ಖಲೀಫಾ ಉಮರ್(ರ) ದಾರಿಮಧ್ಯೆ ಸರ್ಗ್ ಎಂಬಲ್ಲಿಂದ ಮದೀನಾಕ್ಕೆ ಹಿಂದಿರುಗಿದ್ದರು. ಆ ಸೂಚನೆಯ ಮೊದಲ ಭಾಗ ಯಾರಿಗಾದರೂ ಹೊಳೆಯುವಂಥದ್ದು. ಎರಡನೆಯ ಭಾಗ ಕಷ್ಟದ್ದು, ಏಕೆಂದರೆ ಓಡುವವನು ತನ್ನ ಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾನೆ. ಸುಪ್ತ ಅವಧಿಯಲ್ಲಿರುವವನು ರೋಗವನ್ನು ಜೊತೆಗೇ ಒಯ್ಯಬಲ್ಲ ಎಂದು ತಿಳಿದಾಗಷ್ಟೇ ಅದರ ಮಹತ್ವ ಪೂರ್ತಿ ಅರ್ಥವಾಗುವುದು.

ಈಗ ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವ ವಿಷಯಕ್ಕೆ ಬರುತ್ತೇನೆ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸ್ಆ್ಯಪ್‌ನಲ್ಲಿ ಏನೇನು ಸಂದೇಶ ಹರಿದವು ಎಂಬುದು ನಿಮಗೆ ನೆನಪಿರಬಹುದು. ಅವುಗಳಲ್ಲಿ ಹೆಚ್ಚಿನವು ಶುದ್ಧ ಸುಳ್ಳು, ಬಿಡಿ. ಆದರೆ ಒಂದು ಬಗೆಯ ಸಂದೇಶ ಇದೆ, ಅದರಲ್ಲಿನ ಸಂಖ್ಯೆ ನಿಜವಾಗಿದ್ದೂ ಅರ್ಥ ಸುಳ್ಳಾಗಿರುತ್ತದೆ: ‘ದಡಾರ ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಲಸಿಕೆ ಹಾಕಿಸಿಕೊಂಡವರೇ! ಹಾಗಾದರೆ ಲಸಿಕೆಯಿಂದ ಏನು ಲಾಭ?’

ವಲೀಮಾದ ಬಿರಿಯಾನಿ ನೆನಪಿದೆಯಲ್ಲ? ಅದೇ ತಪ್ಪು ಇದು. ಒಂದು ಶಾಲೆಯಲ್ಲಿ 300 ಮಕ್ಕಳು ಎನ್ನೋಣ. 290 ಮಕ್ಕಳಿಗೆ ಎರಡೂ ಡೋಸ್ ಆಗಿದೆ, 10 ಮಕ್ಕಳಿಗೆ ಆಗಿಲ್ಲ. ಎರಡು ಡೋಸ್ ದಡಾರದ ಲಸಿಕೆ ನೂರರಲ್ಲಿ ಸುಮಾರು 97 ಮಂದಿಯನ್ನು ಕಾಪಾಡುತ್ತದೆ, ಮೂವರಲ್ಲಿ ಫಲಿಸದೆ ಇರಬಹುದು. ಲಸಿಕೆ ಇಲ್ಲದವರು ರೋಗಿಯ ಹತ್ತಿರ ಬಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಬರುತ್ತದೆ. ಶಾಲೆಗೆ ದಡಾರ ಹೊಕ್ಕು ಎಲ್ಲರನ್ನೂ ಮುಟ್ಟಿತು ಎಂದುಕೊಂಡರೆ, ಲಸಿಕೆ ಇಲ್ಲದ 10ರಲ್ಲಿ 9 ಮಂದಿಗೆ ರೋಗ. ಲಸಿಕೆ ಆದ 290ರಲ್ಲಿ ನೂರಕ್ಕೆ ಮೂರರಂತೆ ಸುಮಾರು 9 ಮಂದಿಗೆ ರೋಗ. ಒಟ್ಟು 18 ರೋಗಿಗಳು, ಅರ್ಧ ಮಂದಿ ಲಸಿಕೆ ಆದವರು. ಸಂದೇಶದ ಸಂಖ್ಯೆ ನಿಜವೇ! ಆದರೆ ನಿಮ್ಮ ಮಗು ಯಾವ ಗುಂಪಿನಲ್ಲಿರಬೇಕು? ನೂರಕ್ಕೆ 90 ಅಪಾಯದ ಗುಂಪಿನಲ್ಲೋ, ನೂರಕ್ಕೆ 3ರ ಗುಂಪಿನಲ್ಲೋ? ಲಸಿಕೆ ಹಾಕಿಸಿಕೊಂಡವರು ಊರಲ್ಲಿ ಹೆಚ್ಚಿದಷ್ಟೂ ರೋಗಿಗಳಲ್ಲಿ ಅವರ ಪಾಲು ಹೆಚ್ಚಾಗಿ ಕಾಣುತ್ತದೆ. ಎಲ್ಲರಿಗೂ ಹಾಕಿಸಿದ ಊರಿನಲ್ಲಿ ರೋಗ ಬಂದ ಒಬ್ಬಿಬ್ಬರೂ ಲಸಿಕೆ ಆದವರೇ ಆಗಿರುತ್ತಾರೆ, ಬೇರೆಯವರು ಇಲ್ಲವೇ ಇಲ್ಲವಲ್ಲ.

ಇನ್ನೊಂದು ಮಾತು: ‘ಸೂಜಿ ಹಾಕಿಸಿದ ಮೇಲೆ ಮಗುವಿಗೆ ಹೀಗಾಯಿತು.’ ಆದ ಮೇಲೆ ಬಂದದ್ದಕ್ಕೂ, ಅದರಿಂದಲೇ ಬಂದದ್ದಕ್ಕೂ ವ್ಯತ್ಯಾಸವಿದೆ. ಆಟಿಸಂನ ಲಕ್ಷಣಗಳು ಪೋಷಕರ ಗಮನಕ್ಕೆ ಬರುವುದು ಒಂದೂವರೆ, ಎರಡು ವರ್ಷದ ಹೊತ್ತಿಗೆ. ದಡಾರದ ಎರಡನೇ ಡೋಸ್ ನಮ್ಮಲ್ಲಿ ಹಾಕುವುದೂ 16ರಿಂದ 24 ತಿಂಗಳ ನಡುವೆ. ಎರಡೂ ಒಟ್ಟಿಗೆ ಬಂದಾಗ ತಾಯಿಯ ಮನಸ್ಸು ಗಂಟು ಹಾಕುವುದು ಸಹಜ, ಅದಕ್ಕೆ ಆಕೆಯನ್ನು ಜರೆಯಬಾರದು. 1998ರಲ್ಲಿ ಲಂಡನ್ನಿನಲ್ಲಿ ಬರೀ 12 ಮಕ್ಕಳನ್ನು ನೋಡಿ ಈ ಗಂಟನ್ನು ಪ್ರಕಟಿಸಿದ ಆಂಡ್ರ್ಯೂ ವೇಕ್‌ಫೀಲ್ಡ್‌ನ ಲೇಖನವನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು, ಆತನ ವೈದ್ಯ ನೋಂದಣಿಯೂ ರದ್ದಾಯಿತು. ಲಸಿಕೆ ಹಾಕಿಸಿಕೊಂಡ ಮತ್ತು ಹಾಕಿಸಿಕೊಳ್ಳದ ಲಕ್ಷಾಂತರ ಮಕ್ಕಳನ್ನು ಹೋಲಿಸಿದಾಗ ಎರಡೂ ಕಡೆ ಆಟಿಸಂ ಒಂದೇ ಪ್ರಮಾಣದಲ್ಲಿತ್ತು. ಮತ್ತೆ ಅದೇ, ಏನೂ ತಿನ್ನದವರನ್ನೂ ಕೇಳಬೇಕು.

ಹರ್ಡ್ ಇಮ್ಯುನಿಟಿ, ಅಂದರೆ ಸಮುದಾಯ ನಿರೋಧಕತೆ ಎಂಬುದು ಈ ಲೆಕ್ಕದಿಂದಲೇ ಹುಟ್ಟುತ್ತದೆ. ಒಬ್ಬರಿಂದ 15 ಮಂದಿಗೆ ಹರಡುವ ರೋಗ ಮುಂದೆ ಹೋಗದಂತೆ ನಿಲ್ಲಬೇಕಾದರೆ ಆ 15ರಲ್ಲಿ 14 ಮಂದಿಗೆ ರಕ್ಷಣೆ ಇರಬೇಕು. ದಡಾರಕ್ಕೆ ಶೇ. 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಬೇಕು ಎನ್ನುವುದು ಇದಕ್ಕೇ. ಇಡೀ ಜಿಲ್ಲೆಯ ಸರಾಸರಿ ಶೇ. 95 ಇದ್ದು, ಒಂದು ಗಲ್ಲಿಯಲ್ಲಿ ಮಾತ್ರ ಶೇ. 60 ಇದ್ದರೆ ಆ ಗಲ್ಲಿಗೆ ಸರಾಸರಿಯಿಂದ ಏನೂ ಉಪಯೋಗವಿಲ್ಲ. 2022ರಲ್ಲಿ ಮುಂಬೈಯಲ್ಲಿ ದಡಾರ ಎದ್ದಾಗ ಹೆಚ್ಚು ಪೆಟ್ಟು ಬಿದ್ದದ್ದು ಗೋವಂಡಿಯಂಥ, ನಮ್ಮವರೇ ಹೆಚ್ಚಾಗಿರುವ ಇಕ್ಕಟ್ಟಿನ ಬಡಾವಣೆಗಳಿಗೆ. ಕೊರೋನಾ ಕಾಲದಲ್ಲಿ ತಪ್ಪಿಹೋದ ಲಸಿಕೆ, ಅಪೌಷ್ಟಿಕತೆ, ಒಂದೇ ಕೋಣೆಯಲ್ಲಿ ಏಳೆಂಟು ಜನ, ಇವೆಲ್ಲ ಸೇರಿ ಮಕ್ಕಳ ಜೀವ ಹೋಯಿತು. ಒಂಬತ್ತು ತಿಂಗಳೂ ತುಂಬದ, ಲಸಿಕೆಯ ವಯಸ್ಸೇ ಆಗದ ಕೂಸಿಗೆ ಅಕ್ಕಪಕ್ಕದ ಮಕ್ಕಳ ಲಸಿಕೆಯೇ ರಕ್ಷಣೆ. ಹಜ್ ಯಾತ್ರಿಕರಿಗೆ ಇದು ಹೊಸದಲ್ಲ: 1987ರಲ್ಲೂ 2000ರಲ್ಲೂ ಹಜ್ ಸಮಯದಲ್ಲಿ ಮೆದುಳುಪೊರೆಯ ಜ್ವರ ಹರಡಿ, ಯಾತ್ರಿಕರ ಮೂಲಕ ಅವರವರ ದೇಶಗಳಿಗೂ ಹೋಗಿತ್ತು. ಸೌದಿ ಸರಕಾರ ಲಸಿಕೆ ಕಡ್ಡಾಯ ಮಾಡಿತು, 2000ದ ನಂತರ ನಾಲ್ಕೂ ಬಗೆಗಳನ್ನು ತಡೆಯುವ ಲಸಿಕೆಯೇ ಬೇಕೆಂದಿತು. ಯಾತ್ರೆಗೆ ಹತ್ತು ದಿನ ಮೊದಲು ಅದನ್ನು ಹಾಕಿಸಿಕೊಳ್ಳಲು ಯಾವ ಹಾಜಿಯೂ ತಕರಾರು ತೆಗೆದದ್ದನ್ನು ನಾನು ಕಂಡಿಲ್ಲ.

2020ರ ಏಪ್ರಿಲ್

ಛೇದ ಮರೆತರೆ ನಮಗೇ ಏನಾಗುತ್ತದೆ ಎಂಬುದನ್ನೂ ಹೇಳಬೇಕು. 2020ರ ಏಪ್ರಿಲ್ 18ರಂದು, ದೇಶದ 14,378 ಕೊರೋನಾ ಪ್ರಕರಣಗಳಲ್ಲಿ 4,291, ಅಂದರೆ ಸುಮಾರು ಶೇ. 30, ದಿಲ್ಲಿಯ ನಿಜಾಮುದ್ದೀನ್ ಮರ್ಕಝ್‌ಗೆ ಸಂಬಂಧಿಸಿದವು ಎಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತು. ಆ ಹೊತ್ತಿಗೆ ಟಿವಿ ಚರ್ಚೆಗಳು, ತರಕಾರಿ ಮಾರುವವರ ಹೆಸರು ಕೇಳುವುದು, ಎಲ್ಲ ನೀವು ಕಂಡಿದ್ದೀರಿ.

ಆ ಸಂಖ್ಯೆ ಸುಳ್ಳಲ್ಲ. ಮುಚ್ಚಿದ ಕಟ್ಟಡದಲ್ಲಿ ವಿದೇಶದಿಂದ ಬಂದವರೂ ಸೇರಿ ಬಹಳ ಜನ ಒಟ್ಟಿಗೆ ತಂಗಿದ್ದರು, ಅಲ್ಲಿ ಕೊರೋನಾ ಹರಡಿದ್ದು ನಿಜ. ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ಚರ್ಚ್ ಒಂದರ ಪ್ರಾರ್ಥನೆಯಿಂದಲೂ ಹೀಗೆಯೇ ಹರಡಿತ್ತು. ಆದರೆ ಎಪಿಡೆಮಿಯಾಲಜಿ ಬಲ್ಲವರು ಕೇಳುವ ಪ್ರಶ್ನೆ: ಎಷ್ಟು ಜನರನ್ನು ಪರೀಕ್ಷಿಸಿದಾಗ ಇಷ್ಟು ಸಿಕ್ಕಿತು? ಮರ್ಕಝ್‌ಗೆ ಹೋದವರನ್ನೂ ಅವರ ಸಂಪರ್ಕದವರನ್ನೂ ರಾಜ್ಯ ರಾಜ್ಯಗಳಲ್ಲಿ ಹುಡುಕಿ ಪರೀಕ್ಷೆ ಮಾಡಲಾಗಿತ್ತು. ಉಳಿದ ಜನರಿಗೆ ಆಗ ಪರೀಕ್ಷೆ ಸಿಗುವುದೇ ಕಷ್ಟವಿತ್ತು. ಎಲ್ಲಿ ಹೆಚ್ಚು ಹುಡುಕುತ್ತೇವೋ ಅಲ್ಲಿ ಹೆಚ್ಚು ಸಿಗುತ್ತದೆ. ಇದಕ್ಕೆ ಆಯ್ಕೆಯ ಪಕ್ಷಪಾತ ಎನ್ನುತ್ತಾರೆ. ಪಕ್ಷಪಾತ ಎಂದರೆ ಇಲ್ಲಿ ದ್ವೇಷ ಎಂಬ ಅರ್ಥವಲ್ಲ, ಲೆಕ್ಕ ಒಂದು ಕಡೆಗೆ ವಾಲುವುದು ಎಂದಷ್ಟೇ. ವಾಲಿದ ಲೆಕ್ಕವನ್ನು ದ್ವೇಷಕ್ಕೆ ಬಳಸಿದ್ದು ಬೇರೆ ಸಂಗತಿ. ಅದನ್ನು ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಕಟುವಾದ ಮಾತಿನಲ್ಲೇ ಹೇಳಿ, ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿತು.

ಆಗ ನಮ್ಮ ಪರವಾಗಿ ಕೇಳಬೇಕೆನಿಸಿದ ಪ್ರಶ್ನೆಯನ್ನೇ ನಾವು ಲಸಿಕೆಯ ಸಂದೇಶ ಮುಂದಕ್ಕೆ ಕಳಿಸುವ ಮೊದಲೂ ಕೇಳಬೇಕಲ್ಲವೇ?

ಕೊನೆಗೆ ಮನೆಯಲ್ಲಿ ಮಾಡಬಹುದಾದ ಒಂದೆರಡು ಕೆಲಸ. ಮಕ್ಕಳ ತಾಯಿ ಕಾರ್ಡನ್ನು ಹಳೆಯ ಬಟ್ಟೆಗಳ ನಡುವೆ ಇಡದೆ ಕೈಗೆ ಸಿಗುವಂತೆ ಇಡಿ. ಮನೆ ಬದಲಿಸಿದರೆ ಹೊಸ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿ, ಏಕೆಂದರೆ ಸ್ಥಳ ಬದಲಿಸಿದ ಮನೆಗಳ ಮಕ್ಕಳೇ ಹೆಚ್ಚಾಗಿ ಪಟ್ಟಿಯಿಂದ ತಪ್ಪಿಹೋಗುವುದು. ಮಗುವಿಗೆ ಜ್ವರದ ಜೊತೆ ಮೈಮೇಲೆ ಕೆಂಪು ಗುಳ್ಳೆ ಎದ್ದರೆ ಅದು ಯಾವ ದಿನ ಮೊದಲು ಕಂಡಿತು ಎಂದು ಕ್ಯಾಲೆಂಡರಿನಲ್ಲೇ ಬರೆದಿಡಿ, ಗುಳ್ಳೆ ಕಂಡ ನಾಲ್ಕು ದಿನದವರೆಗೆ ಶಾಲೆಗೂ ಮದ್ರಸಕ್ಕೂ ಕಳಿಸಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅವರು ಬಂದು ‘ಎರಡು ವಾರದಲ್ಲಿ ಎಲ್ಲೆಲ್ಲಿ ಹೋಗಿದ್ದಿರಿ, ಮನೆಗೆ ಯಾರು ಬಂದಿದ್ದರು, ಪಕ್ಕದ ಮನೆಯಲ್ಲಿ ಎಷ್ಟು ಮಕ್ಕಳು’ ಎಂದೆಲ್ಲ ಕೇಳುತ್ತಾರೆ. ಕಾಯಿಲೆ ನಮ್ಮ ಮನೆಯಲ್ಲಿ, ಪಕ್ಕದ ಮನೆಯ ಮಕ್ಕಳ ಲೆಕ್ಕ ಇವರಿಗೇಕೆ ಎಂದು ಬಾಗಿಲು ಹಾಕಬೇಡಿ. ಕಾಯಿಲೆ ಬೀಳದ ಆ ಮಕ್ಕಳೂ ಅವರ ಪಟ್ಟಿಗೆ ಬೇಕು.